ಹೊಗೆಯಿಂದಲೇ ಉಸಿರು: ಪಿಕಪ್ ಗಾಡಿಗೆ ಟರ್ಬೊ ಬಂದ ಕಥೆ



ಕುಣಿಗಲ್ ಎಂದೊಡನೆ ಹಲವರಿಗೆ ಅಲ್ಲಿನ ಕುದುರೆ ಫಾರಂ ನೆನಪಾಗುತ್ತದೆ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ನೆಲ ಅದು. ಅದೇ ಊರಿನ ಹೆದ್ದಾರಿಯಲ್ಲಿ ಎಳನೀರು, ತರಕಾರಿ ಹೇರಿಕೊಂಡು ಓಡುವ ಪಿಕಪ್ ಗಾಡಿಗಳ ಬಲವನ್ನೂ ನಾವು ಕುದುರೆಯ ಲೆಕ್ಕದಲ್ಲೇ ಹೇಳುತ್ತೇವೆ. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವಾಟ್. ಆದರೆ ಕುದುರೆ ಏರು ಹತ್ತುವಾಗ ಮೂಗಿನ ಹೊಳ್ಳೆ ಅಗಲಿಸಿ ಹೆಚ್ಚು ಉಸಿರೆಳೆದುಕೊಳ್ಳುತ್ತದೆ. ಹಳೆಯ ಡೀಸೆಲ್ ಎಂಜಿನ್ನಿಗೆ ಈ ಸೌಕರ್ಯ ಇರಲಿಲ್ಲ.

ಏಕೆಂದು ನೋಡೋಣ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬರೀ ಗಾಳಿಯನ್ನು ಎಳೆದು ಬಿಗಿಯಾಗಿ ಒತ್ತಿದರೆ ಅದು ಕಾದ ಕಾವಲಿಗಿಂತ ಬಿಸಿಯಾಗುತ್ತದೆ. ಆಗ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು 14 ಕಿಲೋಗೂ ಹೆಚ್ಚು ಗಾಳಿ ಬೇಕು. ಗಾಳಿ ಸಾಲದೆ ಎಣ್ಣೆ ಮಾತ್ರ ಹೆಚ್ಚಾದರೆ ಬರುವುದು ಬಲವಲ್ಲ, ಕಪ್ಪು ಹೊಗೆ.

ನಮ್ಮ ರಸ್ತೆಗಳಿಗೆ 1988ರಲ್ಲಿ ಬಂದ ಟಾಟಾ ಮೊಬೈಲ್ ಪಿಕಪ್ಪನ್ನೇ ತೆಗೆದುಕೊಳ್ಳಿ. ಅದರ ಎಂಜಿನ್ 1948 ಸಿ.ಸಿ. ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆಯಬೇಕು. ನಿಮಿಷಕ್ಕೆ 4000 ಸುತ್ತು ಎಂದರೆ ಲೆಕ್ಕ ಹಾಕಿ: ಸುಮಾರು 3900 ಲೀಟರ್. ಅದಕ್ಕಿಂತ ಹೆಚ್ಚು ಎಳೆಯುವ ಉಪಾಯ ಅದಕ್ಕಿರಲಿಲ್ಲ. ಸಾಲದ್ದಕ್ಕೆ ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಗಾಳಿಗಿಂತ ಇಲ್ಲಿಯದು ಶೇಕಡ 8ರಷ್ಟು ತೆಳು.

ಗುಬ್ಬಿಯಿಂದ ತುಮಕೂರಿಗೆ ತೆಂಗಿನಕಾಯಿ ತುಂಬಿದ ಅಂಥದ್ದೊಂದು ಗಾಡಿಯಲ್ಲಿ ನಾನೊಮ್ಮೆ ಹೋಗಿದ್ದೆ. "ಪಂಪು ಸ್ವಲ್ಪ ಏರಿಸಿದೀನಿ ಸಾರ್, ಈಗ ಎಳೀತದೆ" ಎಂದು ಚಾಲಕ ಹೆಮ್ಮೆಯಿಂದ ಹೇಳಿದ. ಎಳೆಯಿತು, ನಿಜ. ಏರು ಸಿಕ್ಕಲ್ಲೆಲ್ಲ ಹಿಂದೆ ಕಾಡಿಗೆಯಂಥ ಹೊಗೆ. ಬಸ್ಸಿಗೆ ಕಾಯುತ್ತ ರಸ್ತೆಬದಿ ನಿಂತಿದ್ದ ಶಾಲೆಯ ಹುಡುಗಿಯರು ದುಪಟ್ಟಾದಿಂದ ಮೂಗು ಮುಚ್ಚಿಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಚಾಲಕನೂ ನೋಡಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಕೊರತೆಗೆ ಮದ್ದು ಬಹಳ ಹಿಂದೆಯೇ ಸಿಕ್ಕಿತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಹೊಗೆಕೊಳವೆಯಿಂದ ಬಿಸಿ ಅನಿಲ ಸುಮ್ಮನೆ ಹೊರಗೆ ಹೋಗುತ್ತದಲ್ಲ, ಅದರ ದಾರಿಗೆ ಒಂದು ಪುಟ್ಟ ಚಕ್ರ ಇಡುವುದು. ಅದೇ ದಂಡದ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರ. ಮೊದಲನೆಯದನ್ನು ಹೊಗೆ ತಿರುಗಿಸಿದರೆ ಎರಡನೆಯದು ಹೊಸ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಇದೇ ಟರ್ಬೊ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಇಂಥದೇ ಯಂತ್ರ ಜೋಡಿಸಿದ ವಿಮಾನದ ಎಂಜಿನ್ನನ್ನು ಪೈಕ್ಸ್ ಪೀಕ್ ಎಂಬ ಬೆಟ್ಟದ ತುದಿಗೆ, 14,000 ಅಡಿ ಎತ್ತರಕ್ಕೆ ಸಾಗಿಸಿ, ತೆಳುಗಾಳಿಯಲ್ಲೂ ಬಲ ಕುಂದದೆಂದು ತೋರಿಸಿದ. 1920ರ ದಶಕದಲ್ಲಿ ಹಡಗಿಗೆ, 1938ರಲ್ಲಿ ಸೌರರ್ ಕಂಪನಿಯ ಲಾರಿಗೆ ಬಂತು. ಅಮೆರಿಕದಲ್ಲಿ ಡಾಡ್ಜ್ ಪಿಕಪ್ 1989ರ ಮಾದರಿಯಲ್ಲಿ ಕಮಿನ್ಸ್‌ನ 5.9 ಲೀಟರ್ ಟರ್ಬೊ ಡೀಸೆಲ್ ಪಡೆಯಿತು: 160 ಅಶ್ವಶಕ್ತಿ. ಅಲ್ಲಿ ಬೇಕಿದ್ದದ್ದು ಭಾರ ಎಳೆಯುವ ಬಲ.

ನಮ್ಮಲ್ಲೇಕೆ ತಡವಾಯಿತು? ತಿಳಿವಳಿಕೆ ಇಲ್ಲದೆ ಅಲ್ಲ. ಡೀಸೆಲ್ ಪಂಪು, ನಾಜಲ್ ತಯಾರಿಸುವ ಮೈಕೋ 1951ರಲ್ಲೇ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿತ್ತು. ನನ್ನ ಅಭಿಪ್ರಾಯದಲ್ಲಿ ಕಾರಣ ಬೆಲೆ ಮತ್ತು ರಿಪೇರಿ. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಅದನ್ನು ಹೊತ್ತಿರುವುದು ಎಣ್ಣೆಯ ಒಂದು ತೆಳು ಪದರ. ಓಡಿ ಬಂದ ತಕ್ಷಣ ಎಂಜಿನ್ ನಿಲ್ಲಿಸಿದರೆ ಆ ಎಣ್ಣೆ ಕಾವಿಗೆ ಸುಟ್ಟು ಕರಕಲಾಗುತ್ತದೆ. ಅದಕ್ಕೇ ಬಲ್ಲ ಚಾಲಕರು ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಕೀಲಿ ತಿರುಗಿಸುತ್ತಾರೆ. ಎಣ್ಣೆ ಬದಲಿಸಲೂ ಲೆಕ್ಕ ಹಾಕುವ ಗಾಡಿ ಮಾಲೀಕನಿಗೆ ಇದೆಲ್ಲ ದುಬಾರಿ ಶಿಸ್ತು.

ಹಳೆಯ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಸಿಕ್ಕಿಸಿದರಾಗದೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ಬಾಳಿಕೆಯ ಭರವಸೆಯಿಲ್ಲ. ಕಾರ್ಖಾನೆಯಲ್ಲೇ ಟರ್ಬೊ ಇಟ್ಟು ಮಾಡುವ ಎಂಜಿನ್ನಿನಲ್ಲಿ ಪಿಸ್ಟನ್ನು, ಗ್ಯಾಸ್ಕೆಟ್ಟು, ಪಂಪಿನ ಅಳತೆ ಎಲ್ಲವನ್ನೂ ಹೆಚ್ಚಿನ ಒತ್ತಡಕ್ಕೆ, ಕಾವಿಗೆ ತಕ್ಕಂತೆ ಹೊಂದಿಸಿರುತ್ತಾರೆ. 1998ರ ಟಾಟಾ ಸಫಾರಿಯಲ್ಲಿ ಇದ್ದದ್ದೂ 1948 ಸಿ.ಸಿ. ಎಂಜಿನ್ನೇ. ಪಿಕಪ್ಪಿನಲ್ಲಿ ಸುಮಾರು 65 ಅಶ್ವಶಕ್ತಿ ಕೊಡುತ್ತಿದ್ದ ಆ ಗಾತ್ರ, ಟರ್ಬೊ ಕೂಡಿದ ಮೇಲೆ 85ನ್ನು ದಾಟಿತು.

ಸಾಮಾನು ಸಾಗಿಸುವ ಪಿಕಪ್ಪುಗಳಿಗೆ ಮಾತ್ರ ಟರ್ಬೊ ವ್ಯಾಪಕವಾಗಿ ಬಂದದ್ದು ಬಲದ ಆಸೆಗಿಂತ ಹೊಗೆಯ ಕಾನೂನಿನಿಂದ. ಭಾರತ್ ಸ್ಟೇಜ್ ಮೂರನೆಯ ಹಂತ 2010ರಲ್ಲಿ ದೇಶಕ್ಕೆಲ್ಲ ಬಂತು, ನಾಲ್ಕನೆಯದು 2017ರಲ್ಲಿ, ಆರನೆಯದು 2020ರಲ್ಲಿ. ಐದನ್ನು ಬಿಟ್ಟೇ ಹಾರಿದರು. ಸಾಕಷ್ಟು ಗಾಳಿ ಸಿಕ್ಕರೆ ಎಣ್ಣೆ ಚೆನ್ನಾಗಿ ಉರಿಯುತ್ತದೆ, ಮಸಿ ಕಡಿಮೆ. ಇದರಲ್ಲಿ ನಷ್ಟವೂ ಉಂಟು. ಸ್ಪ್ಯಾನರ್ ಹಿಡಿದು ರಸ್ತೆಬದಿಯಲ್ಲೇ ಪಂಪು ಬಿಚ್ಚುತ್ತಿದ್ದ ಮೆಕ್ಯಾನಿಕ್ಕಿಗೆ ಹೊಸ ಎಂಜಿನ್ನಿನ ದೋಷ ಹುಡುಕಲು ಕಂಪ್ಯೂಟರ್ ಬೇಕು. ಅದನ್ನು ಕೊಳ್ಳಲಾಗದವರು ಹಳೆಯ ಗಾಡಿಗಳನ್ನೇ ನಂಬಿದ್ದಾರೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ಎಂಜಿನ್ನಿನೊಳಗೂ ಉರಿದ ಅನಿಲವೇ ಚಕ್ರ ತಿರುಗಿಸುತ್ತದೆ. ಅಲ್ಲಿ ಆ ಚಕ್ರ ರೆಕ್ಕೆಯನ್ನು ತಿರುಗಿಸುತ್ತದೆ, ಕಾಯಿ ಹೇರಿದ ಪಿಕಪ್ಪಿನಲ್ಲಿ ಗಾಳಿ ತುಂಬುತ್ತದೆ.