ಅರಮನೆಯಿಂದ ಅಡ್ಡರಸ್ತೆಗೆ ಬಂದ ಕಚೇರಿ

1898ರಲ್ಲಿ ಮೈಸೂರಿಗೆ ಪ್ಲೇಗ್ ಬಾರದೆ ಹೋಗಿದ್ದರೆ ಕೃಷ್ಣಮೂರ್ತಿಪುರಂ ಇವತ್ತಿನ ರೂಪದಲ್ಲಿ ಇರುತ್ತಿತ್ತೋ ಇಲ್ಲವೋ. ಕೋಟೆಯ ಸುತ್ತ ಮನೆಗೆ ಮನೆ ಅಂಟಿಕೊಂಡು, ಗಾಳಿ ಬೆಳಕಿಗೆ ದಾರಿಯಿಲ್ಲದೆ ಉಸಿರುಗಟ್ಟಿದ್ದ ಊರು ಆ ಮಹಾಮಾರಿಯ ಹೊಡೆತಕ್ಕೆ ಕಂಗೆಟ್ಟಿತು. ಊರನ್ನು ಬಿಚ್ಚಿ ಹರಡದೆ ಉಳಿಗಾಲವಿಲ್ಲ ಎಂಬುದು ಆಳುವವರಿಗೆ ಮನದಟ್ಟಾಯಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿಕೊಂಡಿತು. ಪೂರ್ಣಯ್ಯನವರ ವಂಶದ ಪಿ.ಎನ್. ಕೃಷ್ಣಮೂರ್ತಿಯವರು ಆಗ ದಿವಾನರು. 1901ರಿಂದ 1906ರವರೆಗೆ ಆ ಗಾದಿಯಲ್ಲಿದ್ದರು. ಬಡಾವಣೆಗೆ ಅವರದೇ ಹೆಸರು. ನೇರ ಬೀದಿಗಳು, ಅಳತೆಯ ಅಡ್ಡರಸ್ತೆಗಳು, ಮನೆ ಮುಂದೆ ರಂಗೋಲಿಗೆ ಜಾಗ. ಮೇಷ್ಟ್ರುಗಳು, ಗುಮಾಸ್ತರು, ವಕೀಲರು ಇಂಥ ಹೊಸ ಬಡಾವಣೆಗಳಲ್ಲಿ ನೆಲೆಯೂರಿದರು.

ಮೈಸೂರಿನ ಸಂಗೀತ, ನಾಟಕ, ಹರಿಕಥೆಗಳನ್ನು ಕೊನೆಗೆ ಕೈಹಿಡಿದು ಉಳಿಸಿದವರು ಈ ಬಡಾವಣೆಗಳ ಜನವೇ. ಊರಿನ ಕಲೆಯ ಕಥೆ ಹೇಳುವಾಗ ಅರಮನೆಯನ್ನು ನೆನೆದು ಮುಗಿಸುವುದು ರೂಢಿ. ಅದು ಅರ್ಧ ಕಥೆ ಮಾತ್ರ.

ಮೊದಲರ್ಧವೂ ಸಣ್ಣದೇನಲ್ಲ. 1880ರ ದಸರೆಯಲ್ಲಿ ಹತ್ತನೆಯ ಚಾಮರಾಜ ಒಡೆಯರು ವಸ್ತುಪ್ರದರ್ಶನವನ್ನು ಆರಂಭಿಸಿದರು. ದಿವಾನ್ ರಂಗಾಚಾರ್ಲು ತೀರಿಕೊಂಡ ಮರುವರ್ಷ, 1884ರಲ್ಲಿ, ಅವರ ನೆನಪಿಗೆ ಪುರಭವನ ಎದ್ದಿತು. ಅರಮನೆಯ ಆಶ್ರಯದ ನಾಟಕ ಸಭೆಗಾಗಿ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಮುಂದೆ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ನಾಟಕವನ್ನು ಟಿಕೆಟ್ ಕೊಂಡು ನೋಡುವ ಜನರ ಮುಂದೆ ಇಟ್ಟಿತು. ರಾಜರ ಮರ್ಜಿಯ ಜೊತೆಗೆ ನೋಡುಗರ ಮರ್ಜಿಯೂ ಲೆಕ್ಕಕ್ಕೆ ಬರತೊಡಗಿದ್ದು ಅಲ್ಲಿಂದ.

ಸಂಗೀತದಲ್ಲಿ ಆ ಬದಲಾವಣೆಗೆ ಮುಖ ಕೊಟ್ಟವರು ಬಿಡಾರಂ ಕೃಷ್ಣಪ್ಪನವರು. ಉಡುಪಿ ಸೀಮೆಯ ನಂದಳಿಕೆಯಿಂದ ಬಂದ ಬಡ ಹುಡುಗ ಮೈಸೂರಿನ ಆಸ್ಥಾನ ವಿದ್ವಾಂಸರಾದರು. ವೀಣೆ ಶೇಷಣ್ಣ, ವಾಸುದೇವಾಚಾರ್ಯರು ಬೆಳಗುತ್ತಿದ್ದ ಕಾಲ ಅದು. ಅಷ್ಟು ದೊಡ್ಡ ಹೆಸರಿದ್ದೂ ಕೃಷ್ಣಪ್ಪನವರು ಕನಸು ಕಂಡದ್ದು ರಾಮನಿಗೊಂದು ಗುಡಿ, ಆ ಗುಡಿಯೊಳಗೊಂದು ಕಚೇರಿ ಜಾಗ. ಹಾಡಿ ಗಳಿಸಿದ್ದನ್ನು ಸುರಿದು ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಅರಮನೆಯ ದರ್ಬಾರಿಗೆ ಎಲ್ಲರಿಗೂ ಪ್ರವೇಶ ಎಲ್ಲಿ? ರಾಮಮಂದಿರಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಆ ಕಾಲದ ಮೈಸೂರಿನಲ್ಲಿ ಒಬ್ಬ ಕಲಾವಿದ ಮಾಡಿದ ಇದಕ್ಕಿಂತ ದೊಡ್ಡ ಕೆಲಸವನ್ನು ಹೆಸರಿಸುವುದು ಕಷ್ಟ.

ಅವರ ಶಿಷ್ಯ ಟಿ. ಚೌಡಯ್ಯನವರು ಪಕ್ಕವಾದ್ಯಕ್ಕೆ ಕೂರುತ್ತಿದ್ದರು. ಆಗ ಮೈಕು ಇರಲಿಲ್ಲ. ಗುರುವಿನದು ತುಂಬು ಶಾರೀರ. ನಾಲ್ಕು ತಂತಿಯ ಪಿಟೀಲಿನ ನಾದ ಅದರ ಮುಂದೆ ಸಾಲುತ್ತಿರಲಿಲ್ಲ, ಕಂಬದ ಹಿಂದೆ ಕೂತವನ ಕಿವಿಗೂ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ರೂಢಿಸಿಕೊಂಡರು. ಕುದುರೆ, ಬಿರಡೆ, ಬೆರಳಿಡುವ ಕ್ರಮ ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕಾಯಿತು. ಸಾಂಪ್ರದಾಯಿಕರು ಗೊಣಗಿದರೂ ಕೇಳುಗರು ಒಪ್ಪಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಹಿಂದಿನ ಸಾಲಿನ ಕೇಳುಗನಿಗೂ ಕೇಳಿಸಬೇಕೆಂಬ ಹಟ ಒಂದು ವಾದ್ಯದ ಮೈಯನ್ನೇ ಬದಲಿಸಿತೆಂದರೆ, ಆ ಕೇಳುಗ ಎಷ್ಟು ಮುಖ್ಯನಾಗಿದ್ದ ಎಂಬುದು ತಿಳಿಯುತ್ತದೆ.

ಅದೇ ಕಾಲದಲ್ಲಿ ಇನ್ನೊಬ್ಬರು ಮನೆಯೊಳಗಿಂದಲೇ ಊರಿಗೆ ಹಾಡು ಕೇಳಿಸಲು ಹೊರಟಿದ್ದರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವಾಟ್‌ನ ಪ್ರಸಾರ ಯಂತ್ರ ಇಟ್ಟು ಬಾನುಲಿ ಕೇಂದ್ರ ಶುರುಮಾಡಿದರು. ಒಂದು ಮಂಕು ಬಲ್ಬಿಗೆ ಬೇಕಾಗುವಷ್ಟೇ ಶಕ್ತಿ ಅದು. ಆ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋ ಅದನ್ನೇ ತನ್ನದಾಗಿಸಿಕೊಂಡಿತು. ಸರ್ಕಾರದ ಅನುದಾನಕ್ಕೆ ಕಾಯದೆ, ಕೈಯಿಂದ ದುಡ್ಡು ಹಾಕಿ ಒಬ್ಬ ಮೇಷ್ಟ್ರು ಶುರುಮಾಡಿದ ಸಾಹಸ ಇದು ಎಂಬುದನ್ನು ಮೈಸೂರಿಗರು ಇನ್ನೂ ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ರಾಜಾಶ್ರಯ ಸ್ವಾತಂತ್ರ್ಯಾನಂತರ ಕರಗಿತು. ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ಬಾನುಲಿ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಹೋಯಿತು. ಊರು ಬಡವಾಗಬೇಕಿತ್ತು, ಆಗಲಿಲ್ಲ. ರಾಮನವಮಿ ಬಂದರೆ ಪಾನಕ, ಕೋಸಂಬರಿ, ನೀರುಮಜ್ಜಿಗೆ, ಸಂಜೆ ಕಚೇರಿ; ಗಣೇಶನ ಹಬ್ಬಕ್ಕೆ ಪೆಂಡಾಲು, ಹರಿಕಥೆ. ಖರ್ಚಿಗೆ ಬೀದಿಯವರದೇ ಚಂದಾ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ 1960ರ ದಶಕದಲ್ಲಿ ಮೊದಲಾದ ಗಣಪತಿ ಸಂಗೀತೋತ್ಸವಕ್ಕೆ ದಕ್ಷಿಣ ಭಾರತದ ಘಟಾನುಘಟಿ ವಿದ್ವಾಂಸರು ಬಂದು ಹಾಡಿದ್ದಾರೆ, ಅದೂ ರಸ್ತೆಗೆ ಹಾಕಿದ ಚಪ್ಪರದಲ್ಲಿ. ಟಿಕೆಟ್ ಇಲ್ಲ. ಜಮಖಾನದ ಮೇಲೆ ಕೂತು ತೊಡೆ ತಟ್ಟಿ ತಾಳ ಹಾಕುವವರು ಮುಂದೆ, ಕಾಂಪೌಂಡಿಗೆ ಒರಗಿ ನಿಂತವರು ಹಿಂದೆ. ಕೃಷ್ಣಮೂರ್ತಿಪುರಂನವರಿಗೆ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯ ನಾದಬ್ರಹ್ಮ ಸಂಗೀತ ಸಭಾ ಹತ್ತಿರ. ಕುವೆಂಪುನಗರದಲ್ಲಿ ಗಾನಭಾರತಿಯ ವೀಣೆ ಶೇಷಣ್ಣ ಭವನವಿದೆ.

ನಾಟಕಕ್ಕೆ 1989ರಲ್ಲಿ ಹೊಸ ಜೀವ ಬಂತು. ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ರಂಗಾಯಣ ಹುಟ್ಟಿ, ಕಲಾಮಂದಿರದ ಆವರಣ ಹವ್ಯಾಸಿಗಳಿಗೂ ಮಕ್ಕಳಿಗೂ ತವರಾಯಿತು. ಸಿನಿಮಾದ ಕಥೆ ಬೇರೆ. ಚಾಮರಾಜ ಜೋಡಿ ರಸ್ತೆಯ ಲಕ್ಷ್ಮೀ, ನಾರಾಯಣಶಾಸ್ತ್ರಿ ರಸ್ತೆಯ ಶಾಂತಲಾ, ನಡೆದೇ ಹೋಗಿ ಸೆಕೆಂಡ್ ಶೋ ನೋಡಿ ಬರುತ್ತಿದ್ದ ಚಿತ್ರಮಂದಿರಗಳು, ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿದವು. ಅವು ಮಾಲೀಕರ ಲಾಭ–ನಷ್ಟದ ಮೇಲೆ ನಿಂತಿದ್ದವು; ಜನ ಕೂಡಿಹಾಕಿದ ಚಂದಾದ ಬಲ ಅವುಗಳಿಗೆ ಇರಲಿಲ್ಲ.

ಸಭೆಗಳ ಬಲ ಆ ಚಂದಾ. ಆದರೆ ಕಟ್ಟಿದವರ ತಲೆಮಾರು ಸರಿಯುತ್ತಿದೆ, ಮಕ್ಕಳು ದೂರದ ಊರುಗಳಲ್ಲಿದ್ದಾರೆ, ವಿದ್ವಾಂಸರ ಸಂಭಾವನೆ, ಚಪ್ಪರ, ಮೈಕಿನ ಬಾಡಿಗೆ ಮಾತ್ರ ಏರುತ್ತಲೇ ಇವೆ. ದಸರೆಯ ಹತ್ತು ದಿನ ಅರಮನೆಯ ದೀಪ ನೋಡಲು ಬರುವ ಪ್ರವಾಸಿಗರಿಂದ ಈ ಕಚೇರಿಗಳು ನಡೆಯುವುದಿಲ್ಲ. ಮೈಸೂರಿನಲ್ಲಿ ಮನೆ ಮಾಡಿರುವವರು ತಮ್ಮ ಹತ್ತಿರದ ಒಂದು ಸಭೆಗೆ ಈ ವರ್ಷ ಸದಸ್ಯರಾಗಲಿ, ಮುಂದಿನ ರಾಮನವಮಿಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಒಂದು ಕಚೇರಿಯನ್ನು ಮಂಗಳದವರೆಗೂ ಕೂತು ಕೇಳಲಿ.