ಹಳೆಯ ಜೀಪಿಗೆ ಪವರ್ ಸ್ಟೇರಿಂಗ್

ಬೆಂಗಳೂರಿನ ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಈಗ ಎರಡೂ ಬದಿ ಕಾರುಗಳು ನಿಂತಿರುತ್ತವೆ. ನಡುವೆ ಉಳಿದ ಜಾಗದಲ್ಲಿ ಹಳೆಯ ಮಹೀಂದ್ರ ಜೀಪನ್ನು ಹಿಂದೆ ಮುಂದೆ ಮಾಡಿ ಗೇಟಿನೊಳಗೆ ತೂರಿಸಬೇಕೆಂದರೆ ಚಳಿಗಾಲದಲ್ಲೂ ಬೆವರು ಇಳಿಯುತ್ತದೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿಯ ತೋಟಗಳಲ್ಲಿ ಆಳುಕಾಳು, ಗೊಬ್ಬರ, ಕಾಫಿ ಮೂಟೆ ಹೊತ್ತು ಸವೆದ ಜೀಪು ಮತ್ತು ಪಿಕಪ್‌ಗಳು ಮಕ್ಕಳ ಮೊಮ್ಮಕ್ಕಳ ಅಭಿಮಾನದಿಂದ ರಾಜಾಜಿನಗರ, ವಿಜಯನಗರಕ್ಕೆ ಬಂದು ಸೇರಿವೆ. ಬಣ್ಣ ಬಳಿದು ಸೀಟು ಹೊಲಿಸಿದ ಮೇಲೆ ಮಾಲೀಕರು ಮೆಕ್ಯಾನಿಕ್‌ಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದಕ್ಕೆ ಪವರ್ ಸ್ಟೇರಿಂಗ್ ಕೂರಿಸಬಹುದೇ?

ಕೂರಿಸಬಹುದು. ಆದರೆ ಅದು ಹಳೆ ಗಾಡಿಗೆ ಮಾಡಿಸುವ ಮೊದಲ ಕೆಲಸವಲ್ಲ, ಕೊನೆಯ ಕೆಲಸ.

ಭಾರ ಎಲ್ಲಿಂದ ಬರುತ್ತದೆ

ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಇಲ್ಲೇ ಜೋಡಿಸಲು ಆರಂಭಿಸಿತು. ಮುಂದೆ ಬಂದ ಸಿಜೆ-3ಬಿ, ಅಂದರೆ ಜೀಪಿನವರ ಬಾಯಲ್ಲಿ ‘ಹೈ ಬಾನೆಟ್’, ಅಮೆರಿಕದಲ್ಲಿ 1968ಕ್ಕೇ ನಿಂತುಹೋದರೂ ನಮ್ಮಲ್ಲಿ ಬಹುಕಾಲ ಬದುಕಿತು. ಆ ಗಾಡಿಗೆ ಕಂಪನಿ ಕೊಟ್ಟದ್ದು 6.00-16 ಅಳತೆಯ ಕಿರಿದಾದ ಟೈರು ಮತ್ತು ಹಗುರವಾದ ಪೆಟ್ರೋಲ್ ಎಂಜಿನ್. ನಾವು ಅದಕ್ಕೆ ಡೀಸೆಲ್ ಎಂಜಿನ್ ಇಳಿಸಿದೆವು, ಅಗಲ ರೇಡಿಯಲ್ ಟೈರು ಹಾಕಿದೆವು, ಮುಂದೆ ಕಬ್ಬಿಣದ ಬಂಪರ್ ಬೆಸೆದೆವು. ಈಗ ಸ್ಟೇರಿಂಗ್ ಬಿಗಿ ಎಂದು ಗೊಣಗುತ್ತೇವೆ.

ಗಾಡಿ ಉರುಳುತ್ತಿರುವಾಗ ಟೈರು ಸುಲಭವಾಗಿ ದಿಕ್ಕು ಬದಲಿಸುತ್ತದೆ. ನಿಂತಲ್ಲೇ ತಿರುಗಿಸಿದರೆ ರಬ್ಬರು ಡಾಂಬರನ್ನು ತಿಕ್ಕಬೇಕು. ಟೈರು ಅಗಲವಾದಷ್ಟೂ, ಗಾಳಿ ಕಡಿಮೆಯಾದಷ್ಟೂ ತಿಕ್ಕಾಟ ಜಾಸ್ತಿ. ಹೊರಚಾಚಿದ ರಿಮ್ ಹಾಕಿದರೆ ಗುಂಡಿಯ ಪ್ರತಿ ಪೆಟ್ಟೂ ನೇರವಾಗಿ ಮಣಿಕಟ್ಟಿಗೆ ಬರುತ್ತದೆ. ಈ ಭಾರವನ್ನು ಕಡಿಮೆ ಮಾಡುವುದು ಸ್ಟೇರಿಂಗ್ ಬಾಕ್ಸಿನ ಕೆಲಸ. ಮ್ಯಾನ್ಯುಯಲ್ ಬಾಕ್ಸ್‌ನಲ್ಲಿ ಅನುಪಾತ 24:1 ಇದ್ದರೆ ಸ್ಟೇರಿಂಗ್ ಚಕ್ರ 24 ಡಿಗ್ರಿ ತಿರುಗಿದಾಗ ಒಳಗಿನ ಅಡ್ಡ ಶಾಫ್ಟ್ 1 ಡಿಗ್ರಿ ತಿರುಗುತ್ತದೆ. ಬಲ ಉಳಿಯುತ್ತದೆ, ಆದರೆ ಸುತ್ತು ಹೆಚ್ಚುತ್ತದೆ. ಪವರ್ ಬಾಕ್ಸ್‌ಗೆ ಎಣ್ಣೆಯ ಬಲ ಇರುವುದರಿಂದ 16:1ರಷ್ಟು ಚುರುಕಾದ ಅನುಪಾತ ಸಾಕಾಗುತ್ತದೆ.

ಮೊದಲು ಮುಂಭಾಗ

ಬಿಗಿ ಎಂದು ಬಂದ ಗಾಡಿಗಳಲ್ಲಿ ಎಷ್ಟೋ ಸಲ ತಪ್ಪು ಬಾಕ್ಸಿನದ್ದೇ ಅಲ್ಲ. ಗ್ರೀಸ್ ಕಾಣದೆ ವರ್ಷಗಳಾದ ಕಿಂಗ್ ಪಿನ್ ಬೇರಿಂಗು, ತುಕ್ಕು ಹಿಡಿದ ಟೈ ರಾಡ್ ತುದಿ, ಹಳೆಯ ವಿಲ್ಲಿಸ್ ಮಾದರಿಗಳಲ್ಲಾದರೆ ನಡುವೆ ಕೂತು ಎರಡೂ ಚಕ್ರಕ್ಕೆ ಸರಳು ಚಾಚುವ ಬೆಲ್ ಕ್ರ್ಯಾಂಕ್‌ನ ಸವೆದ ಬುಶ್ಶು. ಪರೀಕ್ಷೆ ಸರಳ. ಜಾಕಿ ಕೊಟ್ಟು ಮುಂಭಾಗ ಎತ್ತಿ, ಟೈ ರಾಡ್ ಬಿಚ್ಚಿ, ಒಂದೊಂದು ಚಕ್ರವನ್ನೂ ಕೈಯಿಂದ ಅತ್ತಿತ್ತ ತಿರುಗಿಸಬೇಕು. ತಿಳಿದ ಮೆಕ್ಯಾನಿಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚಕ್ರ ಮತ್ತು ಎಣ್ಣೆ ಸೀಲು ತೆಗೆದು, ಚಕ್ರ ಹೊತ್ತು ತಿರುಗುವ ನಕಲ್‌ನ ತೋಳಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು ನೋಡುತ್ತಾನೆ. ಎರಡು ಕಿಲೋ ಆಸುಪಾಸಿನ ಎಳೆತಕ್ಕೆ ನಯವಾಗಿ ತಿರುಗಿದರೆ ಸರಿ. ಮುಳ್ಳು ಮೇಲೆ ಹೋಗಿ ಗಕ್ಕನೆ ಇಳಿದರೆ ಬೇರಿಂಗ್ ಹೋಗಿದೆ ಎಂದರ್ಥ. ಏನೂ ಬಲ ಬೇಕಾಗದಿದ್ದರೆ ಬೇರಿಂಗಿನ ಬಿಗಿ ಹೊಂದಿಸುವ ಶಿಮ್ ಸಡಿಲ. ಅಂಥ ಗಾಡಿಯೇ ಐವತ್ತರ ವೇಗದಲ್ಲಿ ಗುಂಡಿ ಸಿಕ್ಕಿದೊಡನೆ ಗಡಗಡ ನಡುಗುವುದು.

ಇಂಥ ಮುಂಭಾಗಕ್ಕೆ ಪವರ್ ಸ್ಟೇರಿಂಗ್ ಹಾಕಿದರೆ ಚಾಲಕನ ಕೈಗೆ ಆಗುತ್ತಿದ್ದ ನೋವು ಮರೆಯಾಗುತ್ತದೆ, ರೋಗ ಉಳಿಯುತ್ತದೆ. ನಡುಕ ಹೆಚ್ಚುವುದೂ ಉಂಟು.

ಎಣ್ಣೆಯ ಬಲ

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಪವರ್ ಸ್ಟೇರಿಂಗನ್ನು ಓಡಿಸಿ ತೋರಿಸಿದ್ದ. ಮಾರಾಟದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ. ಒಳಗಿನ ತತ್ವ ಇಂದಿಗೂ ದೊಡ್ಡದಾಗಿ ಬದಲಾಗಿಲ್ಲ. ಎಂಜಿನ್ನಿನ ಬೆಲ್ಟ್ ಒಂದು ಪಂಪನ್ನು ತಿರುಗಿಸುತ್ತದೆ. ಬಾಕ್ಸ್‌ನೊಳಗೆ ತೆಳುವಾದ ಉಕ್ಕಿನ ಸರಳೊಂದಿದ್ದು, ಸ್ಟೇರಿಂಗ್ ಚಕ್ರ ತಿರುಗಿಸಿದಾಗ ಕೊಂಚ ಹುರಿಗೊಳ್ಳುತ್ತದೆ. ಆ ಹುರಿಯೇ ವಾಲ್ವನ್ನು ತೆರೆದು ಒತ್ತಡದ ಎಣ್ಣೆಯನ್ನು ಪಿಸ್ಟನ್ನಿನ ಒಂದು ಬದಿಗೆ ಬಿಡುತ್ತದೆ. ಕೈ ಬಿಟ್ಟರೆ ಸರಳು ನೆಟ್ಟಗಾಗಿ ವಾಲ್ವ್ ಮುಚ್ಚುತ್ತದೆ. ಎಂಜಿನ್ ನಿಂತರೂ ಚಕ್ರಕ್ಕೂ ಟೈರಿಗೂ ನೇರ ಕೊಂಡಿ ಇದ್ದೇ ಇರುತ್ತದೆ, ಆದರೆ ಮ್ಯಾನ್ಯುಯಲ್‌ಗಿಂತ ಭಾರ.

ಬಲಗೈ ಗಾಡಿಯ ತೊಡಕು

ಅಮೆರಿಕದ ಶೆವರ್ಲೆ, ಫೋರ್ಡ್ ಪಿಕಪ್‌ಗಳಿಗೆ ಸಿದ್ಧ ಕಿಟ್ ಸಿಗುತ್ತದೆ. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳೋಣ ಎನ್ನುವವರು ಒಂದು ಮಾತು ನೆನಪಿಡಬೇಕು: ಆ ಕಿಟ್ಟುಗಳು ಎಡ ಚಾಸಿ ದೂಲಕ್ಕೆ ಅಳತೆ ಮಾಡಿದವು. ನಮ್ಮ ಚಾಲಕ ಕೂರುವುದು ಬಲಕ್ಕೆ.

ಹಾಗಾಗಿ ಇಲ್ಲಿಯವರ ದಾರಿ ಗುಜರಿಯದ್ದು. ಮುಂದೆ ಇಡೀ ಆಕ್ಸಲ್ ಇರುವ ಗಾಡಿಗೆ ಕಾರಿನ ರ್‍ಯಾಕ್ ಕೂರುವುದಿಲ್ಲ. ಬಾಲ್-ನಟ್ ಮಾದರಿಯ ಬಾಕ್ಸೇ ಬೇಕು. ಟಾಟಾ 207 ಸಾಲಿನ ಪಿಕಪ್‌ಗಳು, ಇತರ ಲಘು ಸರಕು ಗಾಡಿಗಳ ಪವರ್ ಬಾಕ್ಸನ್ನು ಬಿಚ್ಚಿ ತರುತ್ತಾರೆ. ಹೊಸ ಸೀಲ್ ಕಿಟ್ಟಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಬಾಕ್ಸ್ ತರುವಾಗ ಅದರದ್ದೇ ಡ್ರಾಪ್ ಆರ್ಮ್ (ಅಡ್ಡ ಶಾಫ್ಟಿನ ತುದಿಯ ತೋಳು), ಅದರದ್ದೇ ಪಂಪು, ಅದರದ್ದೇ ಪೈಪು ತರುವುದು ಒಳ್ಳೆಯದು. ಒಂದರ ಪಂಪು ಇನ್ನೊಂದರ ಬಾಕ್ಸಿಗೆ ಸೇರಿದರೆ ಒತ್ತಡ, ಹರಿವು ಹೊಂದದೆ ಸ್ಟೇರಿಂಗ್ ಒಂದೋ ಎಳೆದಾಡುತ್ತದೆ, ಇಲ್ಲವೇ ಬೆಣ್ಣೆಯಾಗಿಬಿಡುತ್ತದೆ.

ಕೊಳ್ಳುವ ಮುನ್ನ ಗುಜರಿಯಲ್ಲೇ ಬಾಕ್ಸನ್ನು ಕೈಯಲ್ಲಿ ಹಿಡಿದು ಶಾಫ್ಟ್ ತಿರುಗಿಸಿ, ಡ್ರಾಪ್ ಆರ್ಮ್ ಯಾವ ಕಡೆ ಹೋಗುತ್ತದೆಂದು ನೋಡಬೇಕು. ನಿಮ್ಮ ಗಾಡಿಯ ಹಳೆ ಆರ್ಮ್ ಹಿಂದಕ್ಕೆ ಹೋಗುವಾಗ ಇದು ಮುಂದಕ್ಕೆ ಹೋದರೆ, ಎಡಕ್ಕೆ ತಿರುಗಿಸಿದ ಜೀಪು ಬಲಕ್ಕೆ ಹೋಗುತ್ತದೆ. ಓದುವಾಗ ನಗು ಬರಬಹುದು. ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಗೊತ್ತಾದರೆ ನಗು ಬರುವುದಿಲ್ಲ.

ಚಾಸಿ, ಲೇತು, ಬೋಲ್ಟು

ಈ ಕೆಲಸಕ್ಕೆ ಪಶ್ಚಿಮ ಬೆಂಗಳೂರಿನಷ್ಟು ಅನುಕೂಲದ ಜಾಗ ರಾಜ್ಯದಲ್ಲಿ ಕಡಿಮೆ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಆಚೆ ಪೀಣ್ಯ. ಲೇತು, ಮಿಲ್ಲಿಂಗು, ಹೈಡ್ರಾಲಿಕ್ ಪೈಪಿಗೆ ತುದಿ ಒತ್ತಿಕೊಡುವ ಅಂಗಡಿ ಎಲ್ಲ ಕೂಗಳತೆಯಲ್ಲಿವೆ. ಗ್ಯಾರೇಜು ಸಿಗುವುದು ಕಷ್ಟವಲ್ಲ, ತಾಳ್ಮೆಯ ಟರ್ನರ್ ಸಿಗಬೇಕು.

ಬಾಕ್ಸಿನ ಪೂರ್ತಿ ತಳ್ಳುವಿಕೆಯನ್ನು ತಾಳುವುದು ಚಾಸಿಯ ದೂಲ. ಹಳೆ ಜೀಪಿನ ದೂಲ ತೆಳ್ಳಗಿನ ತಗಡನ್ನು ಬಾಗಿಸಿ ಮಾಡಿದ್ದು. ಅದಕ್ಕೆ ನೇರವಾಗಿ ಬೋಲ್ಟ್ ಬಿಗಿದರೆ ದೂಲ ಒಳಕ್ಕೆ ಕುಸಿಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ರಂಧ್ರದ ಅಂಚಿನಿಂದ ಬಿರುಕು ಹೊರಡುತ್ತದೆ. ಸರಿಯಾದ ಕ್ರಮವೆಂದರೆ ದೂಲದ ಅಗಲಕ್ಕೆ ಸರಿಯಾಗಿ ಉಕ್ಕಿನ ದಪ್ಪ ಕೊಳವೆಯನ್ನು ಲೇತಿನಲ್ಲಿ ಕಡೆದು, ರಂಧ್ರದಲ್ಲಿ ಕೂರಿಸಿ, ಅದರೊಳಗೆ ಬೋಲ್ಟ್ ಹಾಯಿಸುವುದು. ಹೊರಗೆ ದಪ್ಪ ಪ್ಲೇಟು, ಎದುರು ದೂಲಕ್ಕೆ ಅಡ್ಡ ಆಧಾರ. ಪ್ಲೇಟಿನ ಅಂಚನ್ನು ದೂಲಕ್ಕೆ ಅಡ್ಡಡ್ಡ ಬೆಸೆಯಬಾರದು. ಬಿರುಕಿಗೆ ಗೆರೆ ಎಳೆದು ಕೊಟ್ಟಂತೆ ಆಗುತ್ತದೆ.

ಡ್ರಾಪ್ ಆರ್ಮಿನಿಂದ ಚಕ್ರದ ಕಡೆ ಹೋಗುವ ಡ್ರ್ಯಾಗ್ ಲಿಂಕ್‌ನ ಬಾಲ್ ಜಾಯಿಂಟ್‌ಗೆ ಅದರದ್ದೇ ಕೋನದ ಇಳಿಜಾರು ರಂಧ್ರ ಬೇಕು. ಎರಡು ಕಂಪನಿಯ ಭಾಗ ಸೇರಿಸುವಾಗ ನೇರ ಡ್ರಿಲ್ ಹೊಡೆದು ನಟ್ ಬಿಗಿಯುವವರಿದ್ದಾರೆ. ಅಂಥವರ ಕೈಗೆ ಗಾಡಿ ಕೊಡಬಾರದು. ಡ್ರಾಪ್ ಆರ್ಮನ್ನು ಕಾಯಿಸಿ ಬಾಗಿಸುವುದಂತೂ ಬೇಡವೇ ಬೇಡ.

ಹಳೆಯ ಸ್ಟೇರಿಂಗ್ ಶಾಫ್ಟ್ ಚಕ್ರದಿಂದ ಬಾಕ್ಸ್‌ವರೆಗೆ ಒಂದೇ ಉದ್ದ ಸರಳು. ಎದುರಿನಿಂದ ಡಿಕ್ಕಿಯಾದರೆ ಅದು ಎದೆಗೇ ಬರುತ್ತದೆ. ಬದಲಾವಣೆಯಲ್ಲಿ ಸರಳನ್ನು ತುಂಡರಿಸಿ ಯುನಿವರ್ಸಲ್ ಜಾಯಿಂಟ್ ಹಾಕುವುದರಿಂದ ಈ ಅಪಾಯ ತಗ್ಗುತ್ತದೆ. ನನ್ನ ಮಟ್ಟಿಗೆ ಪವರ್ ಸ್ಟೇರಿಂಗಿನ ನಿಜವಾದ ಲಾಭಗಳಲ್ಲಿ ಇದೂ ಒಂದು, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಕೊನೆಗೆ ಕ್ಯಾಸ್ಟರ್ ಕೋನ. ತಿರುವಿನ ನಂತರ ಚಕ್ರ ತಾನಾಗಿ ನೆಟ್ಟಗೆ ಮರಳುವುದು ಅದರಿಂದ. ಮ್ಯಾನ್ಯುಯಲ್ ಗಾಡಿಯಲ್ಲಿ ಕೈಗೆ ಹಗುರವಾಗಲೆಂದು ಅದನ್ನು ಕಡಿಮೆ ಇಟ್ಟಿರುತ್ತಾರೆ. ಪವರ್ ಬಾಕ್ಸ್ ಹಾಕಿದ ಮೇಲೆ ಪಟ್ಟೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಾಕಾರದ ತುಂಡು ಕೊಟ್ಟು ಒಂದೆರಡು ಡಿಗ್ರಿ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಗಾಡಿ ಅಲೆದಾಡುವುದಿಲ್ಲ.

ಕರೆಂಟಿನ ಸ್ಟೇರಿಂಗ್

ಮೋಟಾರ್ ಅಂಟಿಸಿದ ಸ್ಟೇರಿಂಗ್ ಕಾಲಂ 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ಬಂತು. ಈಗ ಗುಜರಿಯಲ್ಲಿ ಆಲ್ಟೊ, ವ್ಯಾಗನ್‌ಆರ್ ಕಾಲಂಗಳು ಸುಲಭವಾಗಿ ಸಿಗುತ್ತವೆ. ಬೆಲ್ಟ್ ಇಲ್ಲ, ಪೈಪ್ ಇಲ್ಲ, ಎಣ್ಣೆ ಸೋರುವುದಿಲ್ಲ. ಹಗುರ ಪೆಟ್ರೋಲ್ ಜೀಪನ್ನು ಊರೊಳಗೆ ಓಡಿಸುವವರಿಗೆ ಇದು ಕೆಟ್ಟ ಆಯ್ಕೆಯಲ್ಲ.

ಆದರೆ ಹೈಡ್ರಾಲಿಕ್ ಪದ್ಧತಿಯಲ್ಲಿ ಹಳೆ ಬಾಕ್ಸೇ ಹೋಗಿ ಗಟ್ಟಿ ಬಾಕ್ಸ್ ಬರುತ್ತದೆ. ಕರೆಂಟಿನ ಕಾಲಂ ಹಾಕಿದರೆ ಮೋಟಾರಿನ ಬಲವೆಲ್ಲ ಆ ಸವೆದ ಹಳೆ ಬಾಕ್ಸಿನ ಮೂಲಕವೇ ಹಾಯಬೇಕು. ಭಾರ ಹೊರುವ ಪಿಕಪ್‌ಗೆ ನಾನಂತೂ ಇದನ್ನು ಒಪ್ಪುವುದಿಲ್ಲ. ನಿಂತಲ್ಲಿ ತಿರುಗಿಸುವಾಗ ಮೋಟಾರು ಹತ್ತಾರು ಆಂಪಿಯರ್ ಎಳೆಯುತ್ತದೆ. ಹಳೆ ಡೈನಮೋ ಅದಕ್ಕೆ ಸಾಲದು. ಆಲ್ಟರ್ನೇಟರ್, ದಪ್ಪ ವೈರು, ಪ್ರತ್ಯೇಕ ಫ್ಯೂಸ್ ಬೇಕು.

ಕಾಗದಪತ್ರ

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಮುಂದೆ ಐದೈದು ವರ್ಷಕ್ಕೆ ತಪಾಸಣೆಯೊಂದಿಗೆ ನವೀಕರಣವಾಗುತ್ತದೆ. ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಪ್ಲೇ ಇರಬಾರದು, ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟುಗಳಿಗೆ ಲಾಕ್ ಇರಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ 98.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಮಿತಿ ಹಾಕುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿ ಹೇಳಿದೆ. ಆದ್ದರಿಂದ ಕತ್ತರಿ ಹಿಡಿಯುವ ಮೊದಲೇ ಕೆಎ-02 ಇರಲಿ, ಕೆಎ-41 ಇರಲಿ, ನಿಮ್ಮ ಆರ್‌ಟಿಒ ಮತ್ತು ವಿಮೆ ಕಂಪನಿ ಎರಡರಿಂದಲೂ ಲಿಖಿತವಾಗಿ ಕೇಳಿ ತಿಳಿಯುವುದು ಕ್ಷೇಮ. ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿಯ ಆಸೆಯಿದ್ದರೆ ಚಾಸಿ ಮುಟ್ಟಲೇಬೇಡಿ. ಮೂಲ ರೂಪ ಉಳಿದಿರುವುದೇ ಅಲ್ಲಿನ ಷರತ್ತು. ಅಂಥ ಗಾಡಿಗೆ ಕಿರಿದಾದ ಟೈರು ಮತ್ತು ಹೊಸ ಕಿಂಗ್ ಪಿನ್ ಬೇರಿಂಗೇ ಪವರ್ ಸ್ಟೇರಿಂಗ್.

ಓಡಿಸಿ ನೋಡುವುದು

ಎಣ್ಣೆ ತುಂಬಿದ ಮೇಲೆ ಎಂಜಿನ್ ಆರಿಸಿಯೇ, ಮುಂದಿನ ಚಕ್ರ ನೆಲ ಬಿಟ್ಟಿರುವಾಗ, ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸುತ್ತ ಗಾಳಿ ಕಳೆಯಬೇಕು. ಎಣ್ಣೆ ಡಬ್ಬಿಯಲ್ಲಿ ನೊರೆ ಬರುವುದು ನಿಂತ ಮೇಲೆ ಎಂಜಿನ್ ಚಾಲೂ. ಪೂರ್ತಿ ತಿರುಗಿಸಿ ಅಲ್ಲೇ ಒತ್ತಿ ಹಿಡಿಯಬಾರದು, ಪಂಪು ಕಾದು ಕಿರುಚುತ್ತದೆ. ಒತ್ತಡದ ಪೈಪು ಸೈಲೆನ್ಸರ್ ಪೈಪಿಗೆ ತಾಗದಂತೆ, ಚಕ್ರ ಪೂರ್ತಿ ತಿರುಗಿದಾಗ ಟೈರಿಗೆ ಉಜ್ಜದಂತೆ ಇರಬೇಕು. ಮೊದಲ ಓಟ ಬಡಾವಣೆಯೊಳಗೇ ಸಾಕು, ಕೆಂಗೇರಿ ದಾಟಿ ಮೈಸೂರು ರಸ್ತೆಗೆ ಆಮೇಲೆ. ಚಾಸಿಯ ಪ್ಲೇಟಿನ ಸುತ್ತ ಬಿಳಿ ಬಣ್ಣ ಬಳಿದಿದ್ದರೆ ಕೂದಲೆಳೆಯ ಬಿರುಕೂ ತುಕ್ಕಿನ ಗೆರೆಯಾಗಿ ಬೇಗ ಕಾಣಿಸುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬಾಕ್ಸಿನ ಬೋಲ್ಟುಗಳಿಗೆಲ್ಲ ಮತ್ತೊಮ್ಮೆ ಟಾರ್ಕ್ ಪಾನಾ ಹಾಕಿ ನೋಡಬೇಕು.