ಅರಸಾ, ಅರಿಸೆ, ಅತಿರಸ: ಗಢವಾಲದ ಒಂದು ಕರಿದ ಸಿಹಿಯ ಕರ್ನಾಟಕಮೂಲದ ವಾದ

ಉತ್ತರಾಖಂಡದ ಗಢವಾಲದಲ್ಲಿ ಮದುವೆಯ ಮನೆಯಿಂದ ಹೊರಡುವ ಮಗಳ ಬುತ್ತಿಯೊಡನೆ ಕಳುಹಿಸುವ ‘ಅರಸಾ’ ಎಂಬ ಸಿಹಿತಿಂಡಿಯ ಬಗೆಗೆ ಒಂದು ಐತಿಹ್ಯ ಬಹುಪ್ರಚಾರದಲ್ಲಿದೆ. ಶಂಕರಾಚಾರ್ಯರ ಕಾಲದಲ್ಲಿ ಹಿಮಾಲಯದ ದೇಗುಲಗಳ ಪೂಜೆಗೆಂದು ಹೋದ ಕರ್ನಾಟಕದ ಬ್ರಾಹ್ಮಣರು ತಮ್ಮ ‘ಅರಸಾಲು’ವನ್ನು ಅಲ್ಲಿಗೆ ಒಯ್ದರು, ಅದೇ ಕ್ರಮೇಣ ‘ಅರಸಾ’ ಆಯಿತು ಎಂಬುದು ಅದರ ಸಾರ. ಕನ್ನಡಿಗರಿಗೆ ಇದು ಹಿತವಾದ ಕಥೆ. ನಮ್ಮಲ್ಲಿಯೂ ಅದನ್ನು ಮರುಪರಿಶೀಲನೆಯಿಲ್ಲದೆ ಉದ್ಧರಿಸುವುದುಂಟು. ಪದರೂಪಗಳ ಸಾಕ್ಷ್ಯ ಈ ಕಥೆಯನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಮೊದಲು ವಾದದ ಬಲವಾದ ಅಂಶವನ್ನು ಗಮನಿಸೋಣ. ಗಢವಾಲದ ಅರಸಾ ಮತ್ತು ನಮ್ಮ ಕಜ್ಜಾಯ ಅಥವಾ ಅತಿರಸಗಳ ಪಾಕವಿಧಾನ ಮೂಲತಃ ಒಂದೇ. ಅಕ್ಕಿಯನ್ನು ನೆನೆಸಿ, ನೀರು ಬಸಿದು, ಪಸೆ ಆರುವ ಮುನ್ನ ಕುಟ್ಟಿ ಹಿಟ್ಟು ಮಾಡಬೇಕು. ಅದನ್ನು ಬೆಲ್ಲದ ಪಾಕಕ್ಕೆ ಬೆರೆಸಿ, ತಟ್ಟಿ, ಕರಿಯಬೇಕು. ಪಾಕ ಎಳೆಯದಾದರೆ ಎಣ್ಣೆಯಲ್ಲಿ ಒಡೆದು ಹರಡುತ್ತದೆ, ಏರಿದರೆ ಕಲ್ಲಾಗುತ್ತದೆ. ಇಷ್ಟು ಸೂಕ್ಷ್ಮವಾದ ವಿಧಾನ ಎರಡು ಕಡೆ ಬೇರೆಬೇರೆಯಾಗಿ ಹುಟ್ಟಿರಲಾರದು ಎಂಬ ತರ್ಕವನ್ನು ತಳ್ಳಿಹಾಕುವಂತಿಲ್ಲ. ಸಂಪರ್ಕದ ದಾರಿಯೂ ಕಲ್ಪಿತವಲ್ಲ: ಕೇದಾರನಾಥದ ರಾವಲರು ವೀರಶೈವ ಪರಂಪರೆಯವರು, ಊಖೀಮಠವು ಪಂಚಪೀಠಗಳಲ್ಲೊಂದು. ಆದರೆ ಐತಿಹ್ಯವು ಹೆಸರಿಸುವುದು ಶಂಕರರನ್ನು. ಆ ಪರಂಪರೆಯ ಬದರಿನಾಥದ ರಾವಲರು ಕೇರಳದ ನಂಬೂದಿರಿಗಳು. ಅಕ್ಕಿ ಬೆಲ್ಲಗಳ ಕರಿದ ಸಿಹಿಗೆ ಅವರ ನಾಡಿನ ಹೆಸರು ನೆಯ್ಯಪ್ಪ.

ಇನ್ನು ‘ಅರಸಾಲು’ ಎಂಬ ರೂಪ. ಇದರ ಕೊನೆಯ ‘ಲು’ ಕನ್ನಡದ ಪ್ರತ್ಯಯವಲ್ಲ. ತೆಲುಗಿನಲ್ಲಿ ಏಕವಚನ ‘ಅರಿಸೆ’, ಬಹುವಚನ ‘ಅರಿಸೆಲು’. ಕನ್ನಡದ ಬಹುವಚನ ‘ಗಳು’ ಎಂದಿರಬೇಕಿತ್ತು. ಕರ್ನಾಟಕದೊಳಗೆ ಇಂಥ ರೂಪ ಕಿವಿಗೆ ಬೀಳಬಹುದಾದ ಸೀಮೆಯೆಂದರೆ ತೆಲುಗು ಮೇರೆಯದು. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಿಂದ ಯಾದಗಿರಿಯ ಮೇಲೆ ಪೂರ್ವಕ್ಕೆ ಸಾಗಿದರೆ ತೆಲಂಗಾಣದ ನಾರಾಯಣಪೇಟೆಯ ಸೀಮೆ ಸಿಗುತ್ತದೆ. 1956ರವರೆಗೆ ಇವೆರಡೂ ಹೈದರಾಬಾದ್ ರಾಜ್ಯದೊಳಗೇ ಇದ್ದವು. ಮರಾಠಿಯ ‘ಅನಾರಸಾ’, ತೆಲುಗಿನ ‘ಅರಿಸೆ’, ಕನ್ನಡದ ‘ಕಜ್ಜಾಯ’ ಈ ಮೂರೂ ಹೆಸರುಗಳು ಸಂಧಿಸುವ ನಾಡು ಅದು. ಇಂಥ ಬಹುಭಾಷಿಕ ಸೀಮೆಯನ್ನು ಇಂದಿನ ರಾಜ್ಯದ ಗಡಿಯಿಂದ ಅಳೆದು ‘ಕರ್ನಾಟಕದ್ದು’ ಎಂದರೂ, ಪದವಂತೂ ತೆಲುಗಿನದಾಗಿಯೇ ಉಳಿಯುತ್ತದೆ.

‘ಅತಿರಸ’ವೇ ಸವೆದು ‘ಅರಸಾ’ ಆಗಿರಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಆಗಬಹುದು, ಆದರೆ ಕನ್ನಡದೊಳಗಲ್ಲ. ಸ್ವರಗಳ ನಡುವಣ ತಕಾರವು ಕನ್ನಡದ ತದ್ಭವಗಳಲ್ಲಿ ದಕಾರವಾಗುವುದುಂಟು; ‘ವಸತಿ’ ‘ಬಸದಿ’ಯಾದಂತೆ. ಆ ಜಾಡಿನಲ್ಲಿ ದೊರೆಯುವುದು ‘ಅದಿರಸ’. ತಮಿಳಿನ ಉಚ್ಚಾರಣೆ ಇದಕ್ಕೆ ಸಮೀಪವಾಗಿದೆ. ವಿಜಯನಗರ ಕಾಲದ ತಿರುಮಲೆಯ ಶಾಸನಗಳಲ್ಲಿ ನೈವೇದ್ಯದ ‘ಅತಿರಸಪ್ಪಡಿ’ ಬರುತ್ತದೆ. ಅಲ್ಲಿಯೂ ತಕಾರ ಬಿದ್ದುಹೋಗಿಲ್ಲ. ತಕಾರವು ಪೂರ್ತಿ ಲೋಪವಾಗುವುದು ಮಹಾರಾಷ್ಟ್ರೀ ಮೊದಲಾದ ಪ್ರಾಕೃತಗಳಲ್ಲಿ. ‘ಶತ’ವು ‘ಸಅ’ ಆಗಿ ಹಿಂದಿಯಲ್ಲಿ ‘ಸೌ’ ಆದದ್ದು, ‘ಅತಿ’ಯು ‘ಅಇ’ ಆದದ್ದು ಈ ನಿಯಮದಿಂದಲೇ. ಹಾಗಾದರೆ ‘ಅಇರಸ’ ಎಂಬ ನಡುವಣ ರೂಪವೊಂದನ್ನು ನಿರೀಕ್ಷಿಸಬೇಕು. ಅದನ್ನು ಊಹಿಸುವ ಅಗತ್ಯವೂ ಇಲ್ಲ: ಛತ್ತೀಸಗಢಿಯಲ್ಲಿ ಇದೇ ತಿಂಡಿಗೆ ‘ಅಇರಸಾ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ನಮ್ಮ ದೃಷ್ಟಿಯಲ್ಲಿ ನಿರ್ಣಾಯಕವಾದ ಸಾಕ್ಷ್ಯ ಇದು. ಒಡಿಯಾದ ‘ಅರಿಸಾ ಪಿಠಾ’, ಬಿಹಾರದ ‘ಅನರಸಾ’ಗಳನ್ನೂ ಜೊತೆಗಿಟ್ಟು ನೋಡಿದರೆ ದಖ್ಖನಿನಿಂದ ಗಂಗಾ ಬಯಲಿನವರೆಗೆ ಈ ತಿಂಡಿಯ ಹರಹು ತೋರುತ್ತದೆ. ಗಢವಾಲವನ್ನು ತಲುಪಲು ಅದು ಕರ್ನಾಟಕದಿಂದ ಒಂದೇ ನೆಗೆತಕ್ಕೆ ಹಿಮಾಲಯಕ್ಕೆ ಹಾರಬೇಕಾಗಿರಲಿಲ್ಲ. ಪಾಕವಿಧಾನದ ಸಾಮ್ಯಕ್ಕೂ ಈ ಹರಹೇ ಸಾಕಷ್ಟು ಸಮಾಧಾನ ನೀಡುತ್ತದೆ.

ಮರಾಠಿ ಮತ್ತು ಬಿಹಾರದ ರೂಪಗಳ ನಕಾರ ಮಾತ್ರ ಈ ಧ್ವನಿನಿಯಮಕ್ಕೆ ಒಗ್ಗುವುದಿಲ್ಲ; ಅದನ್ನು ಪ್ರತ್ಯೇಕವಾಗಿಯೇ ಬಿಡಿಸಬೇಕು. (ಬಂಗಾಳಿಯ ‘ಆನಾರಸ’ ಅನಾನಸ್ ಹಣ್ಣು, ಪೋರ್ಚುಗೀಸರ ಮೂಲಕ ಬಂದ ಆ ಪದಕ್ಕೂ ಈ ತಿಂಡಿಗೂ ನಂಟಿಲ್ಲ.)

ಕನ್ನಡದ ಸ್ವಂತ ಹಕ್ಕು ‘ಕಜ್ಜಾಯ’ದಲ್ಲಿದೆ. ‘ವಿದ್ಯಾ’ ‘ಬಿಜ್ಜೆ’ಯಾದಂತೆ ‘ಖಾದ್ಯ’, ‘ಖಜ್ಜ’ಗಳ ದಾರಿಯಲ್ಲಿ ಬಂದ ಈ ಪದ ಹಳೆಯ ಮೈಸೂರು ಸೀಮೆಯ ದೀಪಾವಳಿಯ ಅಡುಗೆಮನೆಯಲ್ಲಿ ಈಗಲೂ ಬಳಕೆಯಲ್ಲಿದೆ. ಕನ್ನಡದ ಅಡುಗೆಯವರು ತಿಂಡಿಯನ್ನು ಹೆಸರಿನ ಸಮೇತ ಬೆಟ್ಟ ಹತ್ತಿಸಿದ್ದರೆ ಅಲ್ಲಿ ಹುಡುಕಬೇಕಾದದ್ದು ಈ ಪದವನ್ನು. ಗಢವಾಲದ ಹೆಸರಿನಲ್ಲಿ ಅದರ ಗುರುತಿಲ್ಲ.